ಪಟ್ಟೆ ಜಮಖಾನ ಮತ್ತು ನನ್ನ ತಮಿಳು

ನನಗೆ ತಮಿಳು ಬರುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಬರುವುದಿಲ್ಲ ಎಂದೂ ಹೇಳಿರಲಿಲ್ಲ. ತಪ್ಪಾದದ್ದು ಈ ಎರಡನೆಯ ಕಡೆ.

ಐವತ್ತೇಳನೆಯ ಇಸವಿಯಲ್ಲಿ ಯಳಂದೂರಿನ ಶಾಲೆಯಿಂದ ಕೊಳ್ಳೇಗಾಲದ ಮಿಡ್ಲ್ ಸ್ಕೂಲಿಗೆ ನನಗೆ ವರ್ಗವಾಯಿತು. ಕೊಳ್ಳೇಗಾಲ ಆಗ ತಾನೇ ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿತ್ತು. ಪೇಟೆಯಲ್ಲಿ ವ್ಯಾಪಾರ ಎಷ್ಟೋ ಕಡೆ ತಮಿಳಿನಲ್ಲೇ ನಡೆಯುತ್ತಿತ್ತು. ಒಂದು ವರ್ಷ ಸಂತೆ ಸುತ್ತುವುದರೊಳಗೆ ಬದನೆಕಾಯಿ ಚೌಕಾಸಿ ಮಾಡುವಷ್ಟು ತಮಿಳು ನನ್ನ ನಾಲಿಗೆಗೆ ಹತ್ತಿತು. 'ಜಾಸ್ತಿ ಆಯಿತು', 'ಬೇಡ', 'ಹುಳುಕು', 'ನಾಳೆ ಬಾ' — ಈ ನಾಲ್ಕು ಮಾತಿನಲ್ಲಿ ಮನುಷ್ಯನ ಇಡೀ ಸಂಸಾರ ನಡೆದುಹೋಗುತ್ತದೆ.

ನನ್ನ ಹೆಂಡತಿ ಶಿವರತ್ನಮ್ಮನ ತವರು ಯಳಂದೂರಿನ ಹತ್ತಿರದ ಹಳ್ಳಿ. ಅವಳಿಗೆ ತಮಿಳಿನ ಗಾಳಿಯೂ ಇಲ್ಲ. ನಾನು ಮೊದಲ ಸಲ ಬಾಗಿಲಲ್ಲಿ ನಿಂತು ಪೊರಕೆಯವನ ಜೊತೆ ತಮಿಳಿನಲ್ಲಿ ಜಗಳವಾಡಿದಾಗ ಅವಳ ಮುಖದಲ್ಲಿ ನನ್ನ ಬಗ್ಗೆ ಒಂದು ಗೌರವ ಮೂಡಿತು. (ಅದಕ್ಕೆ ಮುಂಚೆ ಅಂಥದ್ದನ್ನು ನಾನು ಕಂಡಿರಲಿಲ್ಲ.) ಆ ಗೌರವವನ್ನು ಕೈಯಾರೆ ಹಾಳುಮಾಡಿಕೊಂಡು, 'ಮಾತು ಬರುತ್ತದೆ ಕಣೆ, ಆದರೆ ಓದಲು ಒಂದಕ್ಷರವೂ ಬರುವುದಿಲ್ಲ' ಎಂದು ಯಾವ ಗಂಡ ಹೇಳಿಯಾನು? ತಮಿಳು ಅಕ್ಷರಗಳು ನನ್ನ ಕಣ್ಣಿಗೆ ಹದ ಕೆಟ್ಟ ಹಿಟ್ಟಿನಲ್ಲಿ ಒತ್ತಿದ ಚಕ್ಕುಲಿಯ ತುಂಡುಗಳಂತೆ ಕಾಣುತ್ತಿದ್ದವು. ಆದರೂ ಹತ್ತು ವರ್ಷ ನಾನು ನಮ್ಮ ಮನೆಯ ಆಸ್ಥಾನ ತಮಿಳು ವಿದ್ವಾಂಸನಾಗಿ, ಯಾರ ಪರೀಕ್ಷೆಗೂ ಕೂರದೆ, ಸುಖವಾಗಿ ಬಾಳಿದೆ.

ಹತ್ತನೆಯ ವರ್ಷ ಹನೂರಿನಿಂದ ಒಂದು ಕಾಗದ ಬಂತು.

ನಮ್ಮ ಮಗಳು ಮಾದೇವಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿದ್ದಳು. ಅವಳನ್ನು ನೋಡಲು ಎರಡು ಕಡೆಯವರು ಬಂದು ಹೋಗಿದ್ದರು. ಒಬ್ಬರು ಹುಡುಗಿ ಉದ್ದ ಎಂದರು. ಇನ್ನೊಬ್ಬರು ಏನೂ ಹೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು. ಈಗ ಬರೆದಿದ್ದವರು ಹನೂರಿನ ಕೆಂಪನಂಜಪ್ಪನವರು. ಹುಣಸೆಹಣ್ಣಿನ ದೊಡ್ಡ ವ್ಯಾಪಾರಿ. ಬೆಟ್ಟದ ದಾರಿಯಲ್ಲಿ ತಮಿಳು ಸೀಮೆಯ ಅಂದಿಯೂರಿನವರೆಗೂ ಗಾಡಿ ಓಡಿಸಿದವರು. ಮಗ ರೇಷ್ಮೆ ಇಲಾಖೆಯಲ್ಲಿ ಡೆಮಾನ್‌ಸ್ಟ್ರೇಟರ್. ಮುಂದಿನ ಗುರುವಾರ ಹುಡುಗಿ ನೋಡಲು ಬರುತ್ತೇವೆಂದು ಬರೆದಿದ್ದರು.

ಶಿವರತ್ನಮ್ಮ ಕಾಗದ ಓದಿಸಿಕೊಂಡು ಕೇಳಿದಳು. ಆಮೇಲೆ ಅವಳು ನೋಡಿದ್ದು ಮಗಳನ್ನಲ್ಲ, ನನ್ನನ್ನಲ್ಲ; ಮುಂದಿನ ಕೋಣೆಯ ನೆಲವನ್ನು.

"ಏನ್ರಿ, ಈ ಜಮಖಾನದ ಮೇಲೆ ಅವರನ್ನ ಕೂರ್ಸೋದಾ?"

ಅದು ನಮ್ಮ ಮದುವೆಯಲ್ಲಿ ಬಂದ ಜಮಖಾನ. ಹಿಂದೆ ಅದರಲ್ಲಿ ಪಟ್ಟೆಗಳಿದ್ದವು ಎಂದು ತಿಳಿದವರು ಹೇಳುತ್ತಿದ್ದರು. ನಡುವೆ ಒಂದು ತೂತು. ಆ ತೂತಿನ ಮೇಲೆ ನನ್ನ ಕುರ್ಚಿ. ಬಂದವರೆಲ್ಲ ಮೇಷ್ಟ್ರು ಯಾಕೆ ಕೋಣೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ ಎಂದು ಆಶ್ಚರ್ಯಪಡುತ್ತಿದ್ದರು.

"ಒಗೆದು ಹಾಕಿದರೆ ಆಗುತ್ತದಲ್ಲ," ಎಂದೆ.

"ಒಗುದ್ರೆ ತೂತು ಓಯ್ತದಾ?"

ಹೊಸ ಪಟ್ಟೆ ಜಮಖಾನ ತರುವುದೆಂದು ನಿರ್ಣಯವಾಯಿತು. (ನಿರ್ಣಯದಲ್ಲಿ ನನ್ನ ಪಾತ್ರ ತಲೆ ಆಡಿಸುವುದು.)

ಮೊದಲು ಅಳತೆ. ಅವಳ ಮೊಳದಲ್ಲಿ ಕೋಣೆ ಹತ್ತು ಮೊಳ ಬಂತು, ನನ್ನ ಮೊಳದಲ್ಲಿ ಎಂಟೂವರೆ. ನಾನು ಶಾಲೆಯಿಂದ ಅಡಿಕೋಲು ತರುತ್ತೇನೆ ಎಂದೆ. "ಜಮಖಾನದ ಮೇಲೆ ಜನ ಕೂತ್ಕೊಳ್ಳೋದು, ಪರೀಕ್ಷೆ ಬರಿಯೋದಲ್ಲ" ಎಂದಳು. ಅವಳ ಮೊಳವೇ ಉಳಿಯಿತು. ಆಮೇಲೆ ಪಟ್ಟೆಯ ವಿಚಾರ. ಅಗಲ ಪಟ್ಟೆ ಹಾಕಿದರೆ ಕೋಣೆ ಸಣ್ಣದಾಗಿ ಕಾಣುತ್ತದೆ, ಸಣ್ಣ ಪಟ್ಟೆಯೇ ಕಣ್ಣಿಗೆ ಹಿತ ಎಂದು ನಾನು ದೃಷ್ಟಿಶಾಸ್ತ್ರದ ಮೇಲೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವಳು ಅಕ್ಕಿ ಆರಿಸುತ್ತ ಪೂರ್ತಿ ಕೇಳಿದಳು.

"ಸಣ್ಣ ಪಟ್ಟೇದು ಆಸ್ಪತ್ರೇಲಿ ಆಸ್ತಾರೆ. ಅಗಲ ಪಟ್ಟೇದು ತರೋದು," ಎಂದಳು.

ಭಾನುವಾರ ಪೇಟೆಗೆ ಹೋದೆವು. ತಮಿಳು ಸೀಮೆಯ ಭವಾನಿ ಕಡೆಯ ವ್ಯಾಪಾರಿಯೊಬ್ಬ ಜಮಖಾನಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದು, ಛತ್ರದ ಗೋಡೆಯ ಪಕ್ಕ ಹರಡಿಕೊಂಡು ಕೂರುತ್ತಿದ್ದ. ವಯಸ್ಸಾದವನು, ಹಣೆಯ ತುಂಬ ವಿಭೂತಿ, ಮೆಲ್ಲಗಿನ ಮಾತು. ಮೊದಲು ಬಿಚ್ಚಿದ್ದು ಕೆಂಪು-ಕಪ್ಪು ಪಟ್ಟೆಯದು. ನನಗೆ ಹಿಡಿಸಿತು.

"ಕೊಳೆ ಕಾಣುವುದಿಲ್ಲ," ಎಂದೆ.

"ಕೊಳೆ ಮಾಡೋರು ಯಾರು ಅಂತ ಗೊತ್ತಲ್ಲ, ಅದಕ್ಕೇ ಬೇಡ. ಇದ ನೋಡಿದ್ರೆ ಕಟ್ಟಿರುವೆ ಸಾಲು ಓದಂಗದೆ."

ಎರಡನೆಯದು ಹಳದಿ-ಹಸಿರು. ಅದು ಅವಳಿಗೆ ಹಿಡಿಸಿತು. ಬಿಸಿಲಲ್ಲಿ ಅದನ್ನು ನೋಡಿ ನನಗೆ ತಲೆ ಸುತ್ತು ಬಂದಂತಾಯಿತು. ಹಾಗೆಂದು ಹೇಳಿದೆ ಕೂಡ. "ನಿಮಗೆ ಬೆಳಗ್ಗೆ ಇಟ್ಟು ತಿಂದಿದ್ದು ಸಾಲ್ದು, ಅದಕ್ಕೇ" ಎಂದಳು. ಮೂರನೆಯದು, ನಾಲ್ಕನೆಯದು, ಆರನೆಯದು. ಉದ್ದ ಪಟ್ಟೆಯೋ ಅಡ್ಡ ಪಟ್ಟೆಯೋ ಎಂಬುದರ ಮೇಲೆ ಒಂದು ಸಣ್ಣ ಯುದ್ಧ. ಜಮಖಾನವನ್ನು ತಿರುಗಿಸಿ ಹಾಸಿದರೆ ಉದ್ದವೇ ಅಡ್ಡವಾಗುತ್ತದೆ ಎಂದು ವ್ಯಾಪಾರಿ ಇಬ್ಬರಿಗೂ ತೋರಿಸಿದ ಮೇಲೆ ಅದು ನಿಂತಿತು.

ಆಗ ಶಿವರತ್ನಮ್ಮನ ಕಣ್ಣು ಕಟ್ಟಿನ ಕೆಳಗೆ ಮಡಿಸಿಟ್ಟಿದ್ದ ಒಂದರ ಮೇಲೆ ಬಿತ್ತು. "ಅದ ತೆಗೀರಿ," ಎಂದಳು. ವ್ಯಾಪಾರಿ ಅದನ್ನು ಬಿಚ್ಚಲು ಯಾಕೋ ಹಿಂದೆಮುಂದೆ ನೋಡಿದ. ಬಿಚ್ಚಿದ. ಕಡು ನೀಲಿ ಅಗಲ ಪಟ್ಟೆ, ಅದರ ಪಕ್ಕ ಸಣ್ಣ ಕೆಂಪು, ಮತ್ತೆ ನೀಲಿ. ನಟ್ಟನಡುವೆ ಒಂದು ಮೊಳದ ಬಿಳಿ ಪಟ್ಟೆ. ಆ ಬಿಳಿಯ ಮೇಲೆ ಕೆಂಪು ನೂಲಿನಲ್ಲಿ ನೇಯ್ದ ಎರಡು ಸಾಲು ತಮಿಳು ಅಕ್ಷರ. ನಾಲ್ಕು ಅಂಚಿಗೂ ಕುಚ್ಚು. ಎರಡು ಕಣ್ಣು ಸಾಲದು ಎನ್ನುತ್ತಾರಲ್ಲ, ಹಾಗಿತ್ತು. ಆ ದಿನ ನಾವಿಬ್ಬರೂ ಒಪ್ಪಿದ ಮೊದಲ ವಸ್ತು ಅದು.

"ಅಕ್ಷರನೂ ಅದೆ. ಓದಿದೋರ ಮನೆ ಅಂತ ಬಂದೋರ್ಗೆ ತಿಳೀತದೆ. ಏನಜ್ಜ ಅದು ಬರ್ದಿರೋದು?"

"ಅಮ್ಮಾ, ಅದು ವಂದು…" ಎಂದು ಮುದುಕ ಬಾಯಿ ತೆರೆದ.

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹತ್ತು ವರ್ಷದ ವಿದ್ವಾಂಸ ಪಕ್ಕದಲ್ಲೇ ನಿಂತಿರುವಾಗ ನನ್ನ ಹೆಂಡತಿ ದಾರಿಬದಿಯ ವ್ಯಾಪಾರಿಯನ್ನು ಕೇಳುವುದೆಂದರೇನು? ನಾನು ಕೈ ಎತ್ತಿ ಅವನನ್ನು ತಡೆದೆ. "ತೆರಿಯುಂ, ತೆರಿಯುಂ," ಎಂದೆ. ಗೊತ್ತಿದೆ ಎಂದರ್ಥ. ಕನ್ನಡಕ ಏರಿಸಿಕೊಂಡು ಬಾಗಿ ನೋಡಿದೆ. ಮನೆಗೆ ಹಾಸುವ ಜಮಖಾನದ ಮೇಲೆ ಜನ ಇನ್ನೇನು ಬರೆಸಿಯಾರು?

"ನಲ್ವರವು," ಎಂದೆ ಗಂಭೀರವಾಗಿ. "ಅಂದರೆ ಸ್ವಾಗತ. ಬಂದವರಿಗೆಲ್ಲ ಒಳ್ಳೆಯದಾಗಲಿ, ದಯಮಾಡಿ ಬನ್ನಿ ಅಂತ."

ಶಿವರತ್ನಮ್ಮನ ಮುಖ ಅರಳಿತು. ವ್ಯಾಪಾರಿಗೆ ಅಷ್ಟು ಕನ್ನಡ ಅರ್ಥವಾಯಿತೋ ಇಲ್ಲವೋ, ನನ್ನನ್ನೇ ನೋಡಿದ. "ಸಾಮಿ, ಪರವಾಯಿಲ್ಲೆಯಾ?" ಎಂದು ಮೆಲ್ಲಗೆ ಕೇಳಿದ. ಪರವಾಗಿಲ್ಲವೇ ಎಂದು ವ್ಯಾಪಾರಿಯೇ ಯಾಕೆ ಕೇಳಬೇಕು ಎಂದು ಯೋಚಿಸುವ ಮನುಷ್ಯನಾಗಿದ್ದರೆ ನಾನು ಇಷ್ಟು ಹೊತ್ತಿಗೆ ಹೆಡ್‌ಮಾಸ್ಟರಾಗಿರುತ್ತಿದ್ದೆ. "ಪರವಾಯಿಲ್ಲೆ" ಎಂದೆ. ಅವನು ಎರಡೂ ಕೈ ಜೋಡಿಸಿದ. ಕೇಳದಿದ್ದರೂ ಬೆಲೆ ಇಳಿಸಿ, ಸುತ್ತಿ, ಹಗ್ಗ ಕಟ್ಟಿಕೊಟ್ಟ. ತಮಿಳು ಬಲ್ಲವರಿಗೆ ಸಿಗುವ ಮರ್ಯಾದೆಯೇ ಬೇರೆ ಎಂದು ನಾನು ಹೆಂಡತಿಗೆ ದಾರಿಯುದ್ದಕ್ಕೂ ವಿವರಿಸಿದೆ.

ನಾಲ್ಕು ದಿನ ನಮ್ಮ ಬೀದಿಯ ಹೆಂಗಸರೆಲ್ಲ ಜಮಖಾನದ ದರ್ಶನಕ್ಕೆ ಬಂದರು. ಬಂದವರಿಗೆಲ್ಲ ಶಿವರತ್ನಮ್ಮ ಅಕ್ಷರ ತೋರಿಸಿ "ನಲ್ವರವು" ಎಂದು ಪಾಠ ಹೇಳಿದಳು. ಹಳೆಯ ಜಮಖಾನವನ್ನು ಕೊಟ್ಟಿಗೆಯಲ್ಲಿ ಕರುವಿಗೆ ಹಾಸಿಬಿಟ್ಟಳು. ಕರು ಅದರ ಒಂದು ಅಂಚನ್ನು ತಿಂದೂ ಹಾಕಿತು.

ಗುರುವಾರ ಬೆಳಗ್ಗೆ ಪಕ್ಕದ ಮನೆಯ ಮಾದಣ್ಣ ಬಾಳೆಎಲೆ ತಂದುಕೊಟ್ಟ. ಮಾದಣ್ಣ ಬಸ್ ಕಂಡಕ್ಟರು. ರಾಮಾಪುರದ ಆಚೆಯ ಊರಿನವನು; ಎರಡು ಭಾಷೆಯಲ್ಲೂ ಟಿಕೆಟ್ ಹರಿಯಬಲ್ಲವನು. ಡ್ಯೂಟಿಗೆ ಹೊರಟವನು ಎಲೆ ಕೊಡಲು ಒಳಗೆ ಬಂದು, ಜಮಖಾನ ನೋಡಿ, ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತ.

"ಸಾ, ಇದ ಎಲ್ಲಿಂದ ತಂದ್ರಿ?"

"ಪೇಟೆಯಿಂದ. ಚೆನ್ನಾಗಿದೆಯಲ್ಲವಾ?"

"ಚೆನ್ನಾಗದೆ ಸಾ. ಅಲ್ಲಿ ಬರ್ದಿರೋದ ನೋಡಿದ್ರಾ?"

ಶಿವರತ್ನಮ್ಮ ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ಅರೆಯುತ್ತಿದ್ದಳು. ನಾನು ದನಿ ತಗ್ಗಿಸಿ, "ಕನ್ನಡಕ ಇರಲಿಲ್ಲ, ಏನಿದೆ?" ಎಂದೆ.

ಮಾದಣ್ಣ ನನ್ನ ಕಿವಿಯ ಹತ್ತಿರ ಬಂದ. "ಇರುದಿ ಸಡಂಗು ಉದವಿ ಸಂಗಂ ಅಂತವ್ರೆ ಸಾ. ಅಂದ್ರೆ ಸತ್ತೋರ ಮಣ್ಣು ಮಾಡಕೆ ಒತ್ತಾಸೆ ಆಗೋ ಸಂಗ. ಸಾವಿನ ಮನೇಲಿ ಜನ ಕೂರಕೆ ಆಸ್ತಾರಲ್ಲ, ಅದಕ್ಕೆ ನೇಯ್ಸಿರದು."

ನನ್ನ ಕಾಲ ಕೆಳಗಿನ ಜಮಖಾನ ಮೆಲ್ಲಗೆ ಜಾರಿದಂತೆ ಅನಿಸಿತು. ಕೈಯಲ್ಲಿದ್ದ ಎಲೆಯ ಕಟ್ಟನ್ನು ಗೋಡೆಗೆ ಒರಗಿಸಿದೆ.

"ಒಸದು ಸಾ, ಎದ್ರುಕೋಬೇಡಿ," ಎಂದ ಮಾದಣ್ಣ. "ನೇಯ್ಸಿದೋರು ತಕಂಡೋಗಿಲ್ಲ ಅನ್ಸ್ತದೆ. ಮಡಿಕೆ ಗೆರೆನೂ ಓಗಿಲ್ಲ ನೋಡಿ. ಆದ್ರೂ ಇವತ್ತು ಬೇಡ ಸಾ. ಹನೂರಿನ ಯಜಮಾನ್ರು ಇಪ್ಪತ್ತು ವರ್ಷ ಅಂದಿಯೂರಲ್ಲಿ ವ್ಯಾಪಾರ ಮಾಡ್ದೋರು. ಅವರಿಗೆ ತಮಿಳು ಅಂದ್ರೆ ನೀರು ಕುಡ್ದಂಗೆ." ಇಷ್ಟು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ನಾನು ಕೋಣೆಯಲ್ಲಿ ಒಬ್ಬನೇ ನಿಂತು ಯೋಚಿಸಿದೆ. ಹೆಂಡತಿಗೆ ನಿಜ ಹೇಳಿದರೆ ನನ್ನ ಪಾಂಡಿತ್ಯ ಹೋಗುತ್ತದೆ, ಹೋಗಲಿ. ಆದರೆ ಅವಳು ಅಪಶಕುನವೆಂದು ಎದೆ ಹಿಡಿದುಕೊಂಡು ಕೂತರೆ ಇವತ್ತಿನ ಶಾಸ್ತ್ರವೇ ನಿಂತುಹೋಗುತ್ತದೆ. ಹನೂರಿನವರು ಆಗಲೇ ಬಸ್ಸು ಹತ್ತಿರುತ್ತಾರೆ. ಒಳಗೆ ಮಾದೇವಿ ತನ್ನ ಒಂದೇ ರೇಷ್ಮೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಎರಡು ಸಲ ಹೀಗೆಯೇ ಇಸ್ತ್ರಿ ಹಾಕಿ, ಉಟ್ಟು, ಮತ್ತೆ ಮಡಿಸಿಟ್ಟ ಸೀರೆ ಅದು.

ಮೊದಲು ಜಮಖಾನವನ್ನು ಮಗುಚಿ ಹಾಸಿದೆ. ನೇಯ್ದ ಅಕ್ಷರ ಹಿಂದೆಯೂ ಅಷ್ಟೇ ಸ್ಪಷ್ಟವಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಎದ್ದು ನಿಂತಿತು. ಅಷ್ಟರಲ್ಲಿ ಶಿವರತ್ನಮ್ಮ ಹೂರಣದ ಕೈಯಲ್ಲೇ ಹೊರಗೆ ಬಂದಳು.

"ಯಾಕ್ರಿ ಮಗುಚಿದ್ರಿ? ನಲ್ವರವು ಹಿಂದುಮುಂದಾಯ್ತು."

"ಧೂಳು ಕೂರಬಾರದು ಅಂತ."

"ಅವರ ಕಣ್ಣಿಗೆ ಬೀಳ್ಲಿ ಅಂತಲೇ ತಂದಿರದು. ಸರಿಯಾಗಿ ಆಸಿ."

ಸರಿಯಾಗಿ ಹಾಸಿದೆ. ಅವಳು ಒಳಗೆ ಹೋದ ಮೇಲೆ ನನ್ನ ಕುರ್ಚಿ ತಂದು ಅಕ್ಷರದ ಮೇಲೆ ಇಟ್ಟೆ. ಕುರ್ಚಿಯ ನಾಲ್ಕು ಕಾಲಿನ ನಡುವೆ ಅಕ್ಷರಗಳು ಕಟಕಟೆಯಲ್ಲಿ ನಿಂತ ಸಾಕ್ಷಿಯಂತೆ ನನ್ನನ್ನೇ ನೋಡಿದವು. ಜೊತೆಗೆ, ಬಂದವರು ನೆಲದ ಮೇಲೆ ಕೂರುವಾಗ ಹುಡುಗಿಯ ಅಪ್ಪ ಕುರ್ಚಿಯ ಮೇಲೆ ಕೂರುವುದೇ ಎಂದು ಅವಳೇ ಬಂದು ಕುರ್ಚಿಯನ್ನು ಎತ್ತಿಕೊಂಡು ಹೋದಳು. ಎರಡು ತಲೆದಿಂಬು ತಂದಿಟ್ಟೆ. "ಯಾರು ಮಲಕ್ಕತ್ತಾರೆ?" ಎಂದು ಅವನ್ನೂ ಒಯ್ದಳು. ಎಲೆ ಅಡಿಕೆ ತಟ್ಟೆ ಇಟ್ಟೆ. ಅದು ಒಂದು ಸಾಲನ್ನು ಮಾತ್ರ ಮುಚ್ಚಿತು. ಉಳಿದ ಸಾಲಿನಲ್ಲಿ ಮಣ್ಣು ಮಾಡುವುದಿತ್ತೋ ಸಂಘವಿತ್ತೋ ನನಗೆ ಹೇಗೆ ತಿಳಿಯಬೇಕು?

ಹನ್ನೊಂದು ಗಂಟೆಗೆ ಬೀದಿಯಲ್ಲಿ ಮಾತು ಕೇಳಿಸಿತು. ಬಂದರು. ನಾನು ಬೇರೆ ದಾರಿ ಕಾಣದೆ ಅಕ್ಷರಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಂಚೆಯನ್ನು ಸುತ್ತಲೂ ಹರಡಿಕೊಂಡೆ.

ಕೆಂಪನಂಜಪ್ಪನವರು ಎತ್ತರದ ಆಳು, ಬಿಳಿ ಮೀಸೆ, ಜರಿ ಪೇಟ. ಹಿಂದೆ ಅವರ ಹೆಂಡತಿ ಪುಟ್ಟಮಲ್ಲಮ್ಮ, ಅವರ ಹಿಂದೆ ತಲೆ ತಗ್ಗಿಸಿದ ಹುಡುಗ. ಬಾಗಿಲಲ್ಲಿ ಶಿವರತ್ನಮ್ಮ ಕಾಲಿಗೆ ನೀರು ಕೊಟ್ಟು ಒಳಗೆ ಕರೆದಳು. ಮನೆ ಯಜಮಾನ ಎದ್ದು ಬಂದು ಎದುರುಗೊಳ್ಳಬೇಕು. ಯಜಮಾನ ಕೂತಲ್ಲೇ ಕೈ ಮುಗಿದ.

"ಬನ್ನಿ, ಬನ್ನಿ. ದಯವಿಟ್ಟು ತಪ್ಪು ತಿಳಿಯಬೇಡಿ. ಕಾಲು ಹಿಡಿದುಕೊಂಡಿದೆ."

ಶಿವರತ್ನಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಐದು ನಿಮಿಷದ ಹಿಂದೆ ತಲೆದಿಂಬು ಹಿಡಿದು ಮನೆಯೆಲ್ಲ ಓಡಾಡಿದ ಕಾಲು ಅದು.

ಹನೂರಿನವರು ಕೂತರು. ಮಳೆ, ರಾಗಿ, ರೇಷ್ಮೆಗೂಡಿನ ದರ ಎಲ್ಲ ಮಾತಾಯಿತು. ಶಿವರತ್ನಮ್ಮ ಬಾಗಿಲ ಹಿಂದಿನಿಂದ ಎರಡು ಸಲ "ಒಸಿ ಬನ್ನಿ ಇಲ್ಲಿ" ಎಂದಳು. ನಾನು ಎರಡು ಸಲವೂ "ಆಮೇಲೆ" ಎಂದೆ. ನೀರಿನ ಚೊಂಬು ತರಲು ಏಳಬೇಕಿತ್ತು; ಏಳಲಿಲ್ಲ, ಹುಡುಗನೇ ಎದ್ದು ತಂದುಕೊಟ್ಟ. ಒಳ್ಳೆಯ ಹುಡುಗ ಎಂದು ನನಗೆ ಆಗಲೇ ಅನಿಸಿತು.

ಮಾದೇವಿ ಕಾಫಿ ತಂದಳು. ಹಿರಿಯರಿಗೆಲ್ಲ ನಮಸ್ಕಾರ ಮಾಡಿ ಗೋಡೆಯ ಪಕ್ಕ ಕೂತಳು. ಕೆಂಪನಂಜಪ್ಪನವರು ಓದಿನ ವಿಚಾರ ಕೇಳಿದರು. ಅವಳು ಸ್ಪಷ್ಟವಾಗಿ ಉತ್ತರ ಕೊಟ್ಟಳು. ಪುಟ್ಟಮಲ್ಲಮ್ಮ ಮಾತ್ರ ಹುಡುಗಿಯನ್ನು ಬಿಟ್ಟು ನನ್ನ ಮೊಣಕಾಲನ್ನೇ ನೋಡುತ್ತಿದ್ದರು.

"ಮೇಷ್ಟ್ರೇ, ಈ ಕಾಲು ನೋವು ನಿಮಗೆ ಇವತ್ತು ಬಂದದ್ದಾ, ಉಟ್ಟಿದಾಗಿಂದ ಅದೆಯಾ?"

"ಆಗಾಗ ಬರುತ್ತದೆ."

"ನಿಮ್ಮಪ್ಪಾರಿಗೂ ಇತ್ತಾ?"

ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅವರು ಮಾದೇವಿಯ ಕಡೆ ತಿರುಗಿದರು. "ಮಗ, ಒಸಿ ಎದ್ದು ಆ ಬಾಗಿಲಗಂಟ ನಡ್ದು ಬಾ ನೋಡಾನ. ತಪ್ಪು ತಿಳ್ಕಬೇಡ ಕಣವ್ವ, ಅಪ್ಪಂಗೆ ಇರೋದು ಮಕ್ಕಳಿಗೆ ಬತ್ತದೆ ಅಂತ ಡಾಕ್ಟ್ರು ಯೋಳ್ತರೆ."

ಮಾದೇವಿಯ ಕಿವಿ ಕೆಂಪಾಯಿತು. ತಲೆ ತಗ್ಗಿಸಿಯೇ ಏಳಲು ಕೈ ಊರಿದಳು. ಅವಳು ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ಪರವಾಗಿರಲಿಲ್ಲ. ಆ ಕೈ ಊರಿದ್ದನ್ನು ಕಂಡು, ಪಾಂಡಿತ್ಯ, ಮಾನ, ಸಂಘ ಎಲ್ಲ ಹಾಳಾಗಲಿ ಎಂದುಕೊಂಡೆ.

"ನೀನು ಕೂತ್ಕೊ ಮಗಳೆ," ಎಂದು ನಾನೇ ಎದ್ದೆ. ಎದ್ದವನು ಬಾಗಿಲವರೆಗೆ ದಾಪುಗಾಲು ಹಾಕಿ ಹೋಗಿ ಬಂದೆ. ಸಾಲದೆಂದು ಡ್ರಿಲ್ ಮಾಸ್ಟರಂತೆ ಎರಡು ಸಲ ಕೂತು ಎದ್ದೆ. "ನೋಡಿ ತಾಯಿ, ನಮ್ಮ ವಂಶದಲ್ಲಿ ಯಾರಿಗೂ ಕಾಲು ನೋವಿಲ್ಲ. ಸುಳ್ಳು ಹೇಳಿದೆ. ನನ್ನದೇ ಒಂದು ಮುಜುಗರ ಇತ್ತು, ಅದಕ್ಕೆ."

ಎಲ್ಲರೂ ನನ್ನನ್ನು ಬಿಟ್ಟು, ನಾನು ಎದ್ದ ಜಾಗವನ್ನು ನೋಡಿದರು. ಬಿಳಿ ಪಟ್ಟೆಯ ಮೇಲೆ ಎರಡು ಸಾಲು ಕೆಂಪಗೆ ಹೊಳೆಯುತ್ತಿದ್ದವು.

"ಅಯ್ಯೋ, ಅದರ ಮೇಲೆಯೇ ಕೂತಿದ್ರಾ?" ಎಂದು ಶಿವರತ್ನಮ್ಮ ಬಾಗಿಲು ದಾಟಿ ಮುಂದೆ ಬಂದಳು. "ನಮ್ಮೋರೇ ಓದಿ ಆರ್ಸಿದ್ದು ಕಣ್ರಿ. ನಲ್ವರವು ಅಂತದೆ. ಸ್ವಾಗತ ಅಂತ. ಯಜಮಾನ್ರಿಗೂ ತಮಿಳು ಚೆನ್ನಾಗಿ ಬತ್ತದಂತೆ, ನೀವೂ ನೋಡಿ."

ಕೆಂಪನಂಜಪ್ಪನವರು ಜೇಬಿನಿಂದ ಕನ್ನಡಕ ತೆಗೆದರು. ಪಂಚೆಯ ಅಂಚಿನಲ್ಲಿ ಒರೆಸಿದರು. ಹಾಕಿಕೊಂಡರು. ಮುಂದಕ್ಕೆ ಬಾಗಿ ಒಂದು ಬೆರಳಿಟ್ಟರು. ಬೆರಳು ಎರಡನೆಯ ಸಾಲಿನಲ್ಲಿ ಶುರುವಾಗಿ ಮೆಲ್ಲಗೆ ಮೊದಲನೆಯ ಸಾಲಿಗೆ ಹತ್ತಿತು. ದೊಡ್ಡ ವಿದ್ವಾಂಸರ ಓದುವ ಕ್ರಮವೇ ಬೇರೆ ಇರಬಹುದು ಎಂದುಕೊಂಡೆ.

"ಮ್," ಎಂದರು. ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ನಲ್ವರವು. ಅಚ್ಚುಕಟ್ಟಾಗಿ ನೇಯ್ದವ್ರೆ."

ಆ ಒಂದು ಮಾತಿನಲ್ಲಿ ನನ್ನ ತಲೆಯ ಮೇಲಿದ್ದ ಬೆಟ್ಟ ಇಳಿಯಿತು. ಇಂಥ ದೊಡ್ಡ ಮನುಷ್ಯ ಹುಟ್ಟಿದ ಹನೂರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಎಲ್ಲ ತಿಳಿದೂ, ಹುಡುಗಿಯ ತಂದೆಯ ಮಾನ ಉಳಿಸಲು ಒಂದು ಸುಳ್ಳು ಹೇಳಿದ ಮಹಾನುಭಾವ ಎಂದು ನನ್ನ ಕಣ್ಣು ತುಂಬಿಬಂತು. ಪುಟ್ಟಮಲ್ಲಮ್ಮನವರು ನಾನು ಎರಡು ಸಲ ಕೂತು ಎದ್ದದ್ದನ್ನು ನೆನೆದು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಹುಡುಗನೂ ನಕ್ಕ. ಮಾದೇವಿಯೂ ನಕ್ಕಳು. ಇಬ್ಬರೂ ಒಟ್ಟಿಗೆ ನಕ್ಕದ್ದು ಎಲ್ಲರ ಕಣ್ಣಿಗೂ ಬಿತ್ತು.

ಊಟಕ್ಕೆ ಮುಂಚೆ ಹುಡುಗ ತಾಯಿಯ ಕಿವಿಯಲ್ಲಿ ಏನೋ ಹೇಳಿದ. ಅಡುಗೆಮನೆಯಲ್ಲಿ ಶಿವರತ್ನಮ್ಮ ಮಗಳನ್ನು ಕೇಳಿದಳು. "ನೀರು ತಂದುಕೊಟ್ರಲ್ಲ, ಅವರು ಪರವಾಗಿಲ್ಲ ಕಣವ್ವ," ಎಂದಳಂತೆ ಮಾದೇವಿ. ಹೋಳಿಗೆ ಊಟವಾಯಿತು, ಎಲೆ ಅಡಿಕೆ ಬದಲಾಯಿತು, ಮಾಘದಲ್ಲಿ ಲಗ್ನ ಎಂದು ಮಾತಾಯಿತು.

ಸಂಜೆ ಬಸ್ಸಿಗೆ ಕಳಿಸಲು ನಾವೂ ಹೊರಟೆವು. ಹೆಂಗಸರು ಮುಂದೆ ಮಾತಾಡುತ್ತ ಹೋದರು, ಹುಡುಗ ಟಿಕೆಟ್ಟಿಗೆಂದು ಇನ್ನೂ ಮುಂದೆ. ಹಿಂದೆ ನಾನು ಮತ್ತು ಕೆಂಪನಂಜಪ್ಪನವರು. ಮೋರಿಯ ಕಟ್ಟೆಯ ಹತ್ತಿರ ನನಗೆ ತಡೆಯಲಾಗಲಿಲ್ಲ. ಅವರ ಎರಡೂ ಕೈ ಹಿಡಿದುಕೊಂಡೆ.

"ಯಜಮಾನ್ರೇ, ಇವತ್ತು ನೀವು ಮಾಡಿದ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ."

"ನಾನೇನ್ ಮಾಡ್ದೆ?"

"ಜಮಖಾನದ ಮೇಲೆ ಇದ್ದದ್ದನ್ನು ಓದಿಯೂ ನೀವು ನಲ್ವರವು ಅಂದಿರಿ. ಬೇರೆಯವರಾಗಿದ್ದರೆ ಅಲ್ಲೇ ಎದ್ದು ಹೋಗುತ್ತಿದ್ದರು. ನನಗೆ ತಮಿಳು ಓದಲು ಬರುವುದಿಲ್ಲ ಯಜಮಾನ್ರೇ. ಅದು ಉದವಿ ಸಂಗಂ, ಅಂದರೆ ಸತ್ತವರ ಮಣ್ಣು ಮಾಡಲು ನೆರವಾಗುವ ಸಂಘದ ಜಮಖಾನ ಅಂತ ನನಗೆ ತಿಳಿದದ್ದೇ ಇವತ್ತು ಬೆಳಗ್ಗೆ."

ಕೆಂಪನಂಜಪ್ಪನವರ ಬಿಳಿ ಮೀಸೆ ಒಂದು ಸಲ ಅಲುಗಿತು. ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟರು.

"ಏನ ಸಂಗ ಅಂದ್ರಿ?"

"ನೀವು ಓದಿದಿರಲ್ಲ?"

"ನಾನೆಲ್ಲಿ ಓದ್ದೆ? ನಿಮ್ಮೋರು ನಲ್ವರವು ಅಂದ್ರು. ನಾನೂ ನಲ್ವರವು ಅಂದೆ."

"ಇಪ್ಪತ್ತು ವರ್ಷ ಅಂದಿಯೂರಲ್ಲಿ…"

"ಇಪ್ಪತ್ತು ವರ್ಷ ಉಣ್ಸೆಹಣ್ಣು ಮಾರ್ದೆ ಕಣ್ರಿ, ಅಕ್ಷರ ಮಾರ್ಲಿಲ್ಲ. ಮಾತು ಬತ್ತದೆ. ಓದಕೆ ಒಬ್ಬ ಗುಮಾಸ್ತ ಇದ್ದ. ಬಸ್ಸನ್ನೂ ಬಣ್ಣ ನೋಡಿ ಏರ್ತಿದ್ದೆ." ಅವರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅಲ್ಲ ಮೇಷ್ಟ್ರೇ, ನನ್ನ ಮಗನ್ನ ಅದರ ಮೇಲೆ ಕೂರ್ಸಿದ್ರಾ?"

ಓದುಗರೇ, ನಾನು ಹೇಳದಿದ್ದರೆ ಈ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಗಿನಿಂದ ಪಂಚೆ ಹರಡಿ ಕಾಪಾಡಿದ ಗುಟ್ಟನ್ನು, ಎಲ್ಲ ದಾಟಿದ ಮೇಲೆ, ನಾನೇ ಕೈ ಹಿಡಿದು ಹೇಳಿದ್ದೆ. ಮುಂದೆ ಶಿವರತ್ನಮ್ಮ ಬೀಗಿತಿಯ ಜೊತೆ ನಗುತ್ತ ನಡೆಯುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತು. ನಾನೂ ಕಟ್ಟೆಯ ಮೇಲೆ ಅವರ ಪಕ್ಕ ಕೂತೆ.

"ನನ್ನ ಮೇಲೆ ಸಿಟ್ಟಿದ್ದರೆ ನನಗೇ ಅನ್ನಿ," ಎಂದೆ ಕೊನೆಗೆ. "ಮಗುವಿನದು ಏನೂ ತಪ್ಪಿಲ್ಲ."

ಒಂದು ಎತ್ತಿನ ಗಾಡಿ ಹಾದುಹೋಯಿತು. ಆಮೇಲೆ ಕೆಂಪನಂಜಪ್ಪನವರು ಕೇಳಿದರು.

"ಒಸದಾ ಅದು, ಯಾರಾದ್ರೂ ಆಸಿ ಬಿಟ್ಟಿದ್ದಾ?"

"ಹೊಸದು. ನೇಯಿಸಿದವರು ಒಯ್ಯಲೇ ಇಲ್ಲವಂತೆ. ಮಡಿಕೆ ಕೂಡ ಬಿಟ್ಟಿಲ್ಲ."

"ಉದವಿ ಸಂಗ ಅಂದ್ರೆ ಕಷ್ಟಕ್ಕೆ ಆಗೋ ಜನ," ಎಂದರು ನೆಲ ನೋಡುತ್ತ. "ನಮ್ಮಪ್ಪ ತೀರ್ಕಂಡಾಗ ಅಂದಿಯೂರಿನ ಮಳೇಲಿ ಸಿಕ್ಕಂಡಿದ್ದೆ ನಾನು. ಯಾರೋ ಗುರುತಿಲ್ಲದೋರು ಗಾಡಿ ಕಟ್ಕಂಡು ನನ್ನ ಊರು ಮುಟ್ಸಿದ್ರು. ಅಂಥೋರ ಎಸರಿನ ಮೇಲೆ ಕೂತ್ರೆ ಕೆಟ್ಟದೇನೂ ಆಗಕಿಲ್ಲ." ಪೇಟ ಮತ್ತೆ ತಲೆಗೆ ಇಟ್ಟುಕೊಂಡರು. ಎದ್ದು ನಿಂತು, ಅಕ್ಕಪಕ್ಕ ನೋಡಿ, ದನಿ ಇಳಿಸಿದರು. "ನನಗೆ ಓದಕೆ ಬರಕಿಲ್ಲ ಅನ್ನದ ನಮ್ಮೋಳಿಗೆ ಯೋಳ್ಬೇಡಿ. ಮೂವತ್ತು ವರ್ಷದಿಂದ 'ನಮ್ಮೋರು ತಮಿಳು ಪುರಾಣ ಓದ್ತರೆ' ಅಂತ ಊರೆಲ್ಲ ಯೋಳ್ಕಂಡು ಬಂದವ್ಳೆ."

"ನನ್ನದನ್ನು ನಮ್ಮವಳಿಗೆ ಹೇಳಬೇಡಿ."

"ಯೋಳಕಿಲ್ಲ ಬೀಗ್ರೇ," ಎಂದರು.

ಬೀಗರೇ ಎಂಬ ಆ ಮಾತು ಕಿವಿಗೆ ಬಿದ್ದಾಗ ಆದ ಸಮಾಧಾನವನ್ನು ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಬರೆಯಲು ನನ್ನಿಂದ ಆಗದು. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು, ಹಳೆಯ ಗೆಳೆಯರಂತೆ ಬಸ್ಸಿನ ಹತ್ತಿರ ಹೋದೆವು.

ಪುಟ್ಟಮಲ್ಲಮ್ಮನವರು ಆಗಲೇ ಕಿಟಕಿಯ ಪಕ್ಕ ಕೂತಿದ್ದರು. ನನ್ನನ್ನು ಕಂಡು ತಲೆ ಹೊರಗೆ ಹಾಕಿದರು.

"ಮೇಷ್ಟ್ರೇ, ನಾನೂ ನಿಮ್ಮೋರೂ ಒಂದ ಮಾತಾಡ್ಕಂಡ್ವಿ. ನಮ್ಮೋರ ವ್ಯಾಪಾರದ ನೆಂಟ್ರು ಅಂದಿಯೂರು ಭವಾನಿ ಕಡೆ ಬೋ ಜನ ಅವ್ರೆ. ಲಗ್ನಪತ್ರ ಒಂದು ನೂರು ತಮಿಳ್ನಲ್ಲಿ ಬೇಕು. ಕೂಲಿಯೋರ ಕೈಲಿ ಯಾಕೆ ಬರ್ಸದು? ನೀವು ಕೂತ್ಕಂಡು ಬರ್ದ್ಬುಡಿ, ನಮ್ಮೋರು ತಪ್ಪಿದ್ರೆ ತಿದ್ತರೆ."

"ನಾಳೆಯೇ ಕೂರಿಸ್ತೀನಿ ಬುಡಿ," ಎಂದಳು ಶಿವರತ್ನಮ್ಮ ಹೆಮ್ಮೆಯಿಂದ.

ಬೀಗರು ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ಮಾಘಕ್ಕೆ ಇನ್ನೂ ನಾಕು ತಿಂಗಳದೆ ಮೇಷ್ಟ್ರೇ," ಎಂದು ಮೆಲ್ಲಗೆ ಹೇಳಿ ಅವರು ಬಸ್ಸು ಹತ್ತಿದರು.

ಬಸ್ಸು ಹೊರಟಿತು. ನಾಲ್ಕು ತಿಂಗಳು ಕಮ್ಮಿ ಸಮಯವೇನಲ್ಲ. ಮಗ್ಗಿ ಬಾರದ ಮಕ್ಕಳಿಗೆ ನಾನು ಅಷ್ಟರಲ್ಲಿ ಇಪ್ಪತ್ತರವರೆಗೆ ಕಲಿಸಿದ್ದುಂಟು. ತಮಿಳಿನಲ್ಲಿ ಒಟ್ಟು ಎಷ್ಟು ಅಕ್ಷರ ಎಂದು ಮಾದಣ್ಣನನ್ನು ಕೇಳಬೇಕು ಎಂದುಕೊಂಡು, ಹೆಂಡತಿಯ ಹಿಂದೆ ಹಗುರಾದ ಕಾಲಿನಲ್ಲಿ ಮನೆಗೆ ನಡೆದೆ.